ಎರಡು ಸಲ ಕಟ್ಟಿಸಿದ ತಾಳಿ

ನಮ್ಮ ಧಂದೆಯಲ್ಲಿ ತಾಳಿಯನ್ನು ಎರಡು ಸಲ ಕಟ್ಟಿಸುತ್ತೇವೆ. ಮೊದಲನೆಯದು ದೇವರಿಗೆ, ಎರಡನೆಯದು ನಮಗೆ. ತಮ್ಮ ಮದುವೆಯ ಆಲ್ಬಂ ತೆಗೆದು ನೋಡಿದವರಿಗೂ ಇದು ಗೊತ್ತಾಗುವುದಿಲ್ಲ. ಮುಹೂರ್ತದ ಹೊತ್ತಿಗೆ ಅಲ್ಲಿ ಸಂತೆ ನೆರೆದಿರುತ್ತದೆ. ಸೋದರಮಾವನ ಮೊಣಕೈ, ಅತ್ತೆಯ ಸೆರಗು, ಯಾರದೋ ಮೊಬೈಲು, ಎಲ್ಲ ಕಡೆಯಿಂದ ಬೀಳುವ ಅಕ್ಕಿಕಾಳು. ಇದರ ನಡುವೆ ವರನ ಕೈ ಎಲ್ಲಿ, ಮದುಮಗಳ ಕೊರಳು ಎಲ್ಲಿ ಎಂದು ಕ್ಯಾಮೆರಾಕ್ಕೆ ಕಾಣಬೇಕಾದರೆ ಅದಕ್ಕೆ ದಿವ್ಯದೃಷ್ಟಿ ಬೇಕು. ಆದ್ದರಿಂದ ಗದ್ದಲ ಇಳಿದ ಮೇಲೆ ನಾವು "ಇನ್ನೊಮ್ಮೆ ಹಿಡೀರಿ" ಎನ್ನುತ್ತೇವೆ. ವರ ಮತ್ತೆ ತಾಳಿಯ ಎರಡೂ ತುದಿ ಹಿಡಿದು ನಿಲ್ಲುತ್ತಾನೆ, ಮದುಮಗಳು ತಲೆ ತಗ್ಗಿಸುತ್ತಾಳೆ, ಪಕ್ಕದಲ್ಲಿದ್ದವರೊಬ್ಬರು ಅಕ್ಕಿಕಾಳನ್ನು ಹದವಾಗಿ ಎರಚುತ್ತಾರೆ. ಆಲ್ಬಮಿನಲ್ಲಿ ಇಡೀ ಪುಟ ತುಂಬಿಕೊಳ್ಳುವುದು ಈ ಎರಡನೆಯದೇ.

ಇದಕ್ಕಾಗಿ ಮದುವೆ ಮಾಡಿಸುವ ಅಯ್ಯನವರ ಕೈಯಲ್ಲಿ ಬೈಸಿಕೊಂಡಷ್ಟು ನಾನು ನಮ್ಮಪ್ಪನ ಕೈಯಲ್ಲೂ ಬೈಸಿಕೊಂಡಿಲ್ಲ. ತಾಳಿ ಅಂದರೆ ಆಟದ ಸಾಮಾನೇನು ಎಂದು ಅವರು, ನಾಳೆ ಫೋಟೋ ಇಲ್ಲ ಅಂದರೆ ನಿಮ್ಮನ್ನು ಯಾರೂ ಕೇಳುವುದಿಲ್ಲ, ನನ್ನ ಕೊರಳು ಹಿಡಿಯುತ್ತಾರೆ ಎಂದು ನಾನು. ಪ್ರತಿ ಮದುವೆಯಲ್ಲೂ ಇದೊಂದು ಸಣ್ಣ ಜಗಳ, ಊಟದ ಹೊತ್ತಿಗೆ ಇಬ್ಬರೂ ಮರೆತು ಒಂದೇ ಪಂಕ್ತಿಯಲ್ಲಿ ಕೂಡುತ್ತಿದ್ದೆವು. ಈ ಜಗಳಕ್ಕಾಗಿ ಒಂದು ದಿನ ನಾನು ಹಂಬಲಿಸುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಾನು ಮತ್ತು ನನ್ನ ಹೆಂಡತಿ ಧಾರವಾಡದ ಲೈನ್ ಬಜಾರಿನ ಹಿಂದಿನ ಓಣಿಯೊಂದರಲ್ಲಿ ಸ್ಟುಡಿಯೋ ಇಟ್ಟವರು. ಶೂಟಿಂಗ್ ನನ್ನದು, ಕಂಪ್ಯೂಟರ್ ಮುಂದೆ ಕೂತು ಆಲ್ಬಂ ಕೂಡಿಸುವುದು ಅವಳದು. ಕೊರೊನಾ ಬಂದ ಮೊದಲ ಬೇಸಿಗೆಯಲ್ಲಿ ಮದುವೆಗಳು ಒಂದೊಂದಾಗಿ ಕೈಬಿಟ್ಟು ಹೋದವು. ಫೋನ್ ಬಂದರೆ ಸಾಕು, "ದಿನಾ ಮುಂದ ಹಾಕೇವ್ರಿ" ಎನ್ನುವ ಮಾತು. ಮುಂದೆ ಎಂದರೆ ಯಾವಾಗ ಎಂದು ಹೇಳಿದವರಿಗೂ ಗೊತ್ತಿರಲಿಲ್ಲ. ಕ್ಯಾಮೆರಾಗಳನ್ನು ಕಪಾಟಿನಲ್ಲಿಟ್ಟೆ. ಮಳೆಗಾಲಕ್ಕೆ ತೆಗೆದು ನೋಡಿದರೆ ಲೆನ್ಸಿನೊಳಗೆ ಬೂಷ್ಟು ಹಿಡಿದಿತ್ತು. ದಿನಾ ಕೈಯಾಡಿಸಿದ್ದರೆ ಅದು ಹತ್ತಿರ ಸುಳಿಯುತ್ತಿರಲಿಲ್ಲ. ಆಮೇಲೆ ಕಪಾಟಿನಲ್ಲಿ ತೇವ ಹಿಡಿಯದಂತೆ ಒಂದು ಸಣ್ಣ ಬಲ್ಬು ಹಚ್ಚಿಟ್ಟು, ಬಾಣಂತಿ ಕೋಣೆ ಕಾದಂತೆ ಆ ಕಪಾಟನ್ನು ಕಾದೆ. ನನ್ನ ಹೆಂಡತಿ, "ನನಗ ಜ್ವರಾ ಬಂದಾಗ ಇಷ್ಟು ನೋಡಿಕೊಂಡಿದ್ದಿಲ್ಲ ನೀವು" ಅಂದಳು. ಮಾತು ಸುಳ್ಳಾಗಿರಲಿಲ್ಲ.

ಎಲ್ಲರದೂ ಇದೇ ಕಥೆ. ನಮ್ಮ ಗೆಳೆಯನೊಬ್ಬ, ಒಳ್ಳೆಯ ಫೋಟೋಗ್ರಾಫರ್, ಸ್ಕೂಟರ್ ಮೇಲೆ ಮಾವಿನ ಹಣ್ಣು ಮಾರಲು ನಿಂತ. ಅವನ ಬುಟ್ಟಿ ನೋಡಬೇಕಿತ್ತು. ಗ್ರೂಪ್ ಫೋಟೋಕ್ಕೆ ನಿಲ್ಲಿಸಿದಂತೆ ಸಣ್ಣ ಹಣ್ಣು ಮುಂದೆ, ದೊಡ್ಡವು ಹಿಂದೆ, ಎಲ್ಲದರ ಕೆಂಪು ಮಗ್ಗಲು ಗಿರಾಕಿಯ ಕಡೆಗೆ. ಹುಬ್ಬಳ್ಳಿಯ ಇನ್ನೊಬ್ಬ ತನ್ನ ಡ್ರೋನ್ ತೆಗೆದುಕೊಂಡು ಪೊಲೀಸರ ಜೊತೆ ತಿರುಗಿದ. ಮಾಳಿಗೆಯ ಮೇಲೆ ಕೇರಂ ಆಡುವವರನ್ನು ಮೇಲಿನಿಂದ ಹಿಡಿದು ತೋರಿಸುವುದು ಅವನ ಕೆಲಸ. ವರ್ಷವಿಡೀ ಮದುವೆ ಮೆರವಣಿಗೆಯ ಮೇಲೆ ಹಾರಿಸಿದ ಕೈಗೆ ಇದು ಸೇರಲಿಲ್ಲ. ನಾಲ್ಕು ದಿನ ಹೋಗಿ, ಮೋಟರು ಕೆಟ್ಟಿದೆ ಎಂದು ಹೇಳಿ ಮನೆಯಲ್ಲಿ ಕೂತ.

ನಮಗೆ ಬಂದ ಕೆಲಸ ಬೇರೆಯದು. ಎರಡನೆಯ ವರ್ಷ ರೋಗ ಹೆಚ್ಚಾದಾಗ ಜನ ವಾಟ್ಸಾಪಿನಲ್ಲಿ ಫೋಟೋ ಕಳಿಸತೊಡಗಿದರು. ಯಾವುದೋ ಮದುವೆಯ ಗ್ರೂಪ್ ಫೋಟೋ, ಅದರಲ್ಲಿ ಒಂದು ಮುಖಕ್ಕೆ ಕೆಂಪು ಗೆರೆಯ ಸುತ್ತು. ಆ ಮುಖವನ್ನು ಬಿಡಿಸಿ, ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ಹಾಕಿ, ಹಾರ ಹಾಕುವುದಕ್ಕೆ ಬರುವ ಹಾಗೆ ಕಟ್ಟು ಹಾಕಿಸಿ ಕೊಡಬೇಕು. ಗಂಡಸರಾದರೆ ಮೇಲೊಂದು ಕೋಟು ಕೂಡಿಸುವುದು ನಮ್ಮಲ್ಲಿ ರೂಢಿ. ಬದುಕಿದ್ದಾಗ ಕೋಟು ಕಾಣದವರೂ ಗೋಡೆಯ ಮೇಲೆ ಕೋಟು ಹಾಕಿಕೊಂಡೇ ಇರುತ್ತಾರೆ. ಈ ಕೆಲಸವನ್ನೆಲ್ಲ ನನ್ನ ಹೆಂಡತಿ ಮಾಡಿದಳು. ಒಂದು ದಿನ ಅವಳು ಕೆಲಸ ಬಿಟ್ಟು ಎದ್ದು ಬಂದಳು. ಬಂದ ಫೋಟೋ ನಾವೇ ತೆಗೆದದ್ದು. ಆ ಮನುಷ್ಯ ಬೀಗರನ್ನು ಎದುರುಗೊಳ್ಳುತ್ತ, ನನ್ನ ಕ್ಯಾಮೆರಾ ನೋಡಿ, "ನಂದೂ ಒಂದ ಹೊಡೀರಿ" ಎಂದು ನಗುತ್ತ ನಿಂತದ್ದು ನನಗೂ ನೆನಪಿತ್ತು. ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆವು. ಆಮೇಲೆ ಅವಳೇ ಎದ್ದು ಹೋಗಿ ಆ ನಗುವನ್ನು ಹಾಗೆಯೇ ಉಳಿಸಿ ಕೆಲಸ ಮುಗಿಸಿದಳು. ಅವನಿಗೆ ಕೋಟು ಹಾಕಲಿಲ್ಲ.

ಅಷ್ಟರಲ್ಲಿ 'ಲೈವ್' ಎನ್ನುವುದು ಬಂತು. ಮದುವೆ ಮನೆಯಲ್ಲೇ ಮಾಡಬೇಕು, ಹತ್ತಿರದ ಕೆಲವೇ ಜನ ಇರಬೇಕು ಎಂದು ಸರಕಾರ ಹೇಳಿತ್ತು. ಬರಲಾಗದ ನೆಂಟರೆಲ್ಲ ತಂತಮ್ಮ ಮನೆಯಲ್ಲಿ ಮೊಬೈಲ್ ಹಿಡಿದು ನೋಡುವ ಏರ್ಪಾಡು ಇದು. ನಮಗೆ ಇದರ ಗಂಧಗಾಳಿ ಗೊತ್ತಿರಲಿಲ್ಲ. ಸಾಮಾನು ತಂದು ಮನೆಯಲ್ಲೇ ಕಲಿತೆವು. ಮೊದಲ ಪರೀಕ್ಷೆಗೆ ಅಡುಗೆಮನೆಯಲ್ಲಿ ಕ್ಯಾಮೆರಾ ನಿಲ್ಲಿಸಿ, ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ಲೈವ್ ಮಾಡಿ, ನಾನು ಮುಂದಿನ ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತೆ. ಚಿತ್ರ ಸ್ವಚ್ಛವಾಗಿತ್ತು. ಆದರೆ ಅಡುಗೆಮನೆಯಿಂದ ರೊಟ್ಟಿ ಸೀದ ವಾಸನೆ ಬಂದಾಗ ಮೊಬೈಲಿನಲ್ಲಿ ಅವಳಿನ್ನೂ ರೊಟ್ಟಿಯನ್ನು ಹಂಚಿನ ಮೇಲೆ ಹಾಕುತ್ತಿದ್ದಳು. ಆಗ ತಿಳಿಯಿತು, ಲೈವ್ ಎಂದರೂ ನೋಡುವವರಿಗೆ ಅದು ಅರ್ಧ ನಿಮಿಷ ತಡವಾಗಿ ಮುಟ್ಟುತ್ತದೆ ಎಂದು. "ಕ್ಯಾಮೆರಾ ಕಡೆ ನೋಡಿ ರೊಟ್ಟಿ ಸುಟ್ಟೆ, ನಿಮ್ಮ ಸಲುವಾಗಿ" ಎಂದು ಅವಳು ಅದನ್ನು ನನಗೇ ಬಡಿಸಿದಳು.

ಲೈವ್ ಬೇಕೆಂದು ನಮಗೆ ಬಂದ ಮೊದಲ ಕರೆ ಗಬ್ಬೂರಿನಿಂದ. ಅಲ್ಲೊಬ್ಬ ಸಾವಕಾರರು, ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟವರು, ಬೈಪಾಸಿನ ಹತ್ತಿರ ಎರಡಂತಸ್ತಿನ ಮನೆ ಕಟ್ಟಿಸಿದ್ದರು. ಅವರ ಹಿರಿಯ ಮಗಳ ಮದುವೆಯನ್ನು ನಾನೇ ಶೂಟ್ ಮಾಡಿದ್ದೆ. ಈ ಸಲ ಫೋನ್ ಮಾಡಿದವರು ಅವರ ಹೆಂಡತಿ.

"ಅಣ್ಣಾರ, ಸಣ್ಣಾಕಿ ಮದುವಿ ಮನ್ಯಾಗ ಮಾಡಾಕತ್ತೇವ್ರಿ. ಬೀಗರು ಗರಗದವರು, ಒಂದ ಗಾಡಿ ಮಂದಿ ಬರ್ತಾರ, ಅಷ್ಟ. ಇವರು ದವಾಖಾನಿಯಿಂದ ಬಂದು ಮ್ಯಾಲಿನ ಖೋಲ್ಯಾಗ ಅದಾರ. ಇನ್ನೂ ಕೆಲವು ದಿನಾ ಮಂದ್ಯಾಗ ಬರೂ ಹಂಗಿಲ್ಲ ಅಂದಾರ ಡಾಕ್ಟರು. ಉಸಿರಿಗೂ ಶಕ್ತಿ ಇಲ್ಲ, ಪಾವಟಿಗಿ ಇಳಿಯಾಕ ಆಗೂದಿಲ್ಲ."

"ಮುಂದ ಹಾಕ್ರಲಾ, ಅಕ್ಕಾರ."

"ನಾನೂ ಅದನ್ನ ಅಂದೆ. ಅವರ ಒಪ್ಪವಲ್ರು. ಬಾಜೂದ ಕಾಟಿನ ಮ್ಯಾಲ ಇದ್ದವರಿಗೆ ಏನಾತಂತ ನೋಡಿ ಬಂದಾರ. ನಾ ಇರೂದ್ರೊಳಗ ಆಗ್ಲಿ ಅಂತಾರ." ಆಮೇಲೆ ಹೇಳಿದರು, "ಆಲ್ಬಂ ಇಲ್ಲಂದ್ರೂ ನಡೀತೈತ್ರಿ. ತಾಳಿ ಕಟ್ಟೂದೊಂದು ಅವರಿಗೆ ಕಾಣಬೇಕು."

ಹೋಗುವುದೋ ಬೇಡವೋ ಎಂದು ಮನೆಯಲ್ಲಿ ಮಾತಾಯಿತು. ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ ಎಂದು ನಾನು ಉತ್ತರ ತಯಾರು ಮಾಡಿಕೊಂಡಿದ್ದೆ. ಅವಳು ಕಂಪ್ಯೂಟರಿನಲ್ಲಿ ಯಾರದೋ ಮುಖಕ್ಕೆ ನೀಲಿ ಬಣ್ಣ ಹಾಕುತ್ತಿದ್ದಳು. ತಿರುಗದೆಯೇ ಅಂದಳು, "ಬದುಕಿದ್ದವರ ಮುಖಾ ನೋಡಿ ಭಾಳ ದಿನಾ ಆತು. ನಾನೂ ಬರ್ತೇನಿ."

ಹೀಗೆ ಇಬ್ಬರೂ ಎರಡೆರಡು ಮಾಸ್ಕ್ ಕಟ್ಟಿಕೊಂಡು, ಸಾಮಾನು ಕಾರಿಗೆ ತುಂಬಿ, ಬೈಪಾಸ್ ಹಿಡಿದು ಗಬ್ಬೂರಿಗೆ ಹೋದೆವು. ರಸ್ತೆ ಬಿಕೋ ಎನ್ನುತ್ತಿತ್ತು. ನಡುವೆ ಪೊಲೀಸರು ನಿಲ್ಲಿಸಿ ಪಾಸ್ ನೋಡಿದರು. ಟ್ರೈಪಾಡಿನ ಚೀಲ ಬಿಚ್ಚಿಸಿ, "ಇದೇನು, ಬಂದೂಕೇನು" ಎಂದು ಒಬ್ಬ ಕೇಳಿದ. ಮೊದಲಾಗಿದ್ದರೆ ರೇಗುತ್ತಿದ್ದೆ. ಅವತ್ತು ಕೆಲಸಕ್ಕೆ ಹೋಗುತ್ತಿದ್ದೇನೆ ಎನ್ನುವ ಸಂತೋಷದಲ್ಲಿ ಅವನಿಗೆ ಟ್ರೈಪಾಡ್ ಬಿಚ್ಚಿ ನಿಲ್ಲಿಸಿ ತೋರಿಸಿದೆ.

ಮನೆಯ ಮುಂದೆ ಸಣ್ಣ ಚಪ್ಪರ, ಅದರ ಕೆಳಗೆ ಸನಾದಿ ಊದುವವರು ಇಬ್ಬರೇ. ಮದುವೆ ಒಳಗಿನ ಪಡಸಾಲೆಯಲ್ಲಿ. ಸಾವಕಾರರ ಖೋಲಿ ಸರಿಯಾಗಿ ಅದರ ಮೇಲೆ. ಅಲ್ಲಿಗೆ ಹತ್ತುವ ಪಾವಟಿಗೆ ಮನೆಯ ಹೊರಗಿನಿಂದ ಇತ್ತು. ಕಾರಿಳಿದು ಮೇಲೆ ನೋಡಿದೆ. ಸಾವಕಾರರು ಕಿಟಕಿಯಲ್ಲಿ ನಿಂತಿದ್ದರು. ಹಿಂದಿನ ಮದುವೆಯಲ್ಲಿ ನೂರಾರು ಜನರ ನಡುವೆ ಇವರ ಧ್ವನಿ ನನ್ನ ಮೈಕಿನಲ್ಲಿ ಎದ್ದು ಬಡಿಯುತ್ತಿತ್ತು. ಈಗ ಶಾಲು ಹೊದ್ದು, ಕಿಟಕಿಯ ಸರಳು ಹಿಡಿದು, ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು.

"ಫೋಟೋದವರ, ನನಗ ಬ್ಯಾರೇ ಏನೂ ಬ್ಯಾಡ್ರಿ. ತಾಳಿ ಕಟ್ಟೂದೊಂದು ಕಾಣಸ್ರಿ."

"ಬಾಜೂಕ್ಕ ಕುಂತು ನೋಡಿದಂಗ ಕಾಣಸ್ತೇನಿ, ಸಾವಕಾರ್ರ" ಎಂದೆ. ಹೇಳುವಾಗ ಎದೆ ಉಬ್ಬಿತ್ತು. ಧಂದೆಯವರ ಬಾಯಿ ಯಾವಾಗಲೂ ಸ್ವಲ್ಪ ಮುಂದೆ ಓಡುತ್ತದೆ.

ಒಳಗೆ ಹೋಗಿ ನೋಡಿದರೆ ಮನೆಯ ಇನ್ವರ್ಟರ್ ಸತ್ತಿತ್ತು. ರಿಪೇರಿಯವನಿಗೂ ಜ್ವರವಂತೆ. ಮೊಬೈಲ್ ಸಿಗ್ನಲ್ ಪಡಸಾಲೆಯಲ್ಲಿ ಬಂದರೂ ಬಂತು ಇಲ್ಲವಾದರೂ ಇಲ್ಲ. ಇದ್ದ ಆಧಾರವೆಂದರೆ ಮನೆಯ ವೈಫೈ ಒಂದೇ, ಅದು ಕರೆಂಟಿನ ಮೇಲೆ. ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ನನ್ನ ಕ್ಯಾಮೆರಾ ಬ್ಯಾಟರಿಯದು, ಅದಕ್ಕೆ ಚಿಂತೆಯಿರಲಿಲ್ಲ. ದೊಡ್ಡ ಲೈಟ್ ಮಾತ್ರ ಗೋಡೆಯ ಪ್ಲಗ್ಗಿಗೆ ಹಚ್ಚಿದೆ.

ಎಲ್ಲ ಚೆನ್ನಾಗಿಯೇ ನಡೆಯಿತು. ಮೇಲಿನಿಂದ ಸಾವಕಾರರು ಆಗಾಗ ತಮ್ಮ ಹೆಂಡತಿಗೆ ಫೋನ್ ಮಾಡಿ, ಅಡ್ಡ ನಿಂತಾನಲ್ಲ, ಅವನನ್ನು ಸರಿಸು ಎನ್ನುತ್ತಿದ್ದರು. ಅವರು ಹೇಳುವ ಹೊತ್ತಿಗೆ ಅಡ್ಡ ನಿಂತವನು ಸರಿದು ಅರ್ಧ ನಿಮಿಷವಾಗಿರುತ್ತಿತ್ತು. ಜನ ನಕ್ಕರು. ಎಷ್ಟೋ ದಿನಕ್ಕೆ ಹತ್ತು ಜನ ಒಟ್ಟಿಗೆ ನಗುವುದನ್ನು ನಾನು ಕಿವಿಯಾರೆ ಕೇಳಿದೆ.

ಮುಹೂರ್ತ ಬಂತು. ಅಯ್ಯನವರು ತಾಳಿಯ ತಟ್ಟೆಯನ್ನು ಎಲ್ಲರಿಗೂ ಮುಟ್ಟಿಸಿ ತಂದರು. ವರ ತಾಳಿ ಎತ್ತಿಕೊಂಡ. ನಾನು ಉಸಿರು ಬಿಗಿಹಿಡಿದು ಮದುಮಗಳ ಮುಖದ ಮೇಲೆ ಕ್ಯಾಮೆರಾ ಇಟ್ಟಿದ್ದೆ. ಅವಳು ಮುಖ ಮೇಲೆತ್ತಿದಳು. ತಾಳಿ ಕಟ್ಟುವಾಗ ಮುಖ ಮೇಲೆತ್ತಿದರೆ ಕೊರಳೂ ಕಾಣುವುದಿಲ್ಲ, ಕಣ್ಣೂ ಕಾಣುವುದಿಲ್ಲ, ಬರೀ ಗದ್ದ. ಅಯ್ಯೋ ತಂಗೀ ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಲೈಟ್ ಆರಿತು, ಫ್ಯಾನು ನಿಂತಿತು, ಎಲ್ಲರೂ ತಲೆ ಎತ್ತಿ ಫ್ಯಾನ್ ನೋಡಿದರು. ವರ ಮಾತ್ರ ಆ ಮಬ್ಬಿನಲ್ಲೇ ಗಂಟು ಹಾಕಿದ. ಹೊರಗೆ ಸನಾದಿ ಎದ್ದಿತು, ಅಕ್ಕಿಕಾಳು ಬಿತ್ತು. ಮದುವೆ ಆಗಿಹೋಯಿತು.

ನನ್ನ ಹೆಂಡತಿ ಹೊಸ್ತಿಲಿನಿಂದ ನನ್ನ ಕಡೆ ನೋಡಿ ಕೈ ಆಡಿಸಿದಳು. ಲೈವ್ ನಿಂತಿತ್ತು. ಅವಳು ಮೊಬೈಲ್ ನೆಟ್ ಹಚ್ಚಲು ಒದ್ದಾಡಿದಳು, ಅದು ಗಿರಿಗಿರಿ ಸುತ್ತುತ್ತಲೇ ಇತ್ತು. ಇಷ್ಟರಲ್ಲಿ ಸಾವಕಾರರ ಹೆಂಡತಿಯ ಫೋನ್ ರಿಂಗಾಯಿತು. ಅವರು ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಬಿಟ್ಟರು.

"ಆತೇನ? ಸನಾದಿ ಕೇಳ್ತು. ನನಗಿನ್ನೂ ಅಯ್ಯನವರು ತಟ್ಟಿ ಹಿಡ್ಕೊಂಡ ನಿಂತಾರ. ಅಲ್ಲಾಡವಲ್ರು."

ಆ ತಾಯಿ ಮಗಳ ಕೊರಳಲ್ಲಿದ್ದ ತಾಳಿ ನೋಡಿದರು, ಫೋನ್ ನೋಡಿದರು.

"ಇಲ್ರಿ, ಇನ್ನೂ ಆಗಿಲ್ಲ. ಕರೆಂಟ್ ಹೋತು ಅಂತ ನಿಲ್ಲಿಸ್ಯಾರ."

"ಮತ್ತ ಸನಾದಿ?"

"ಅವರು ಸುಮ್ನ ಊದಿದ್ರು. ನೀವು ಕುಂಡ್ರಿ, ಕರೆಂಟ್ ಬಂದಕೂಡ್ಲೆ ಚಾಲೂ ಮಾಡ್ತಾರ."

ಫೋನ್ ಇಟ್ಟ ಮೇಲೆ ಅವರು ನನ್ನ ಕಡೆ ತಿರುಗಿದರು. ನನಗೆ ಗೊತ್ತಿದ್ದ ವಿದ್ಯೆ ಒಂದೇ. "ಇನ್ನೊಮ್ಮೆ ಹಿಡಸೋಣ್ರಿ" ಅಂದೆ. ಅಂದು, ಅಯ್ಯನವರ ಮುಖ ನೋಡುವ ಧೈರ್ಯವಾಗದೆ ಕ್ಯಾಮೆರಾದ ಗುಂಡಿ ಒರೆಸುತ್ತ ನಿಂತೆ. ಫೋಟೋಕ್ಕಾಗಿ ತಾಳಿ ಹಿಡಿಸುವುದು ಬೇರೆ, ಇನ್ನೂ ಕಟ್ಟಿಯೇ ಇಲ್ಲ ಎಂದು ಒಬ್ಬ ಹಿರಿಯನನ್ನು ನಂಬಿಸುವುದು ಬೇರೆ. ಅವರು ಎದ್ದು ಹೋಗುತ್ತಾರೆ ಎಂದೇ ನಾನು ತಿಳಿದಿದ್ದೆ.

ಅಯ್ಯನವರು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. ಆಮೇಲೆ ಹೊದ್ದ ಶಾಲು ಸರಿಮಾಡಿಕೊಂಡು ಹೇಳಿದರು, "ಮಂತ್ರಾ ಹೇಳೂದಿಲ್ಲ. ಆಶೀರ್ವಾದ ಹೇಳ್ತೇನಿ. ಆಶೀರ್ವಾದ ಎಷ್ಟ ಸಲಾ ಹೇಳಿದ್ರೂ ತಪ್ಪಿಲ್ಲ." ನನ್ನ ಕಡೆ ಬೆರಳು ತೋರಿಸಿ, "ಇದು ನಿನಗಲ್ಲ ಮತ್ತ" ಎಂದೂ ಸೇರಿಸಿದರು. ಅವತ್ತು ಆ ಮನುಷ್ಯನ ಕಾಲು ಮುಟ್ಟಬೇಕು ಅನ್ನಿಸಿತು. ಮುಟ್ಟುವ ಕಾಲವಾಗಿರಲಿಲ್ಲ.

ಕರೆಂಟ್ ಬಂತು. ಎಲ್ಲ ಸಜ್ಜಾಗುವವರೆಗೆ ನನ್ನ ಹೆಂಡತಿ ಲೈವ್ ಹಚ್ಚದೆ ತಡೆದಳು. ನೆಲದ ಮೇಲಿನ ಅಕ್ಕಿಕಾಳನ್ನು ಗರಗದ ಬೀಗತಿಯೊಬ್ಬರು ತಾವೇ ಸೀರೆ ಸೆರಗು ಸಿಕ್ಕಿಸಿ ಗುಡಿಸಿದರು. ಮದುಮಗಳ ಹೆರಳಿನಲ್ಲಿ ಸಿಕ್ಕ ಕಾಳನ್ನು ಅವಳ ತಾಯಿ ಆರಿಸಿದರು. ತಾಳಿಯನ್ನು ಬಿಚ್ಚಲಿಲ್ಲ, ಬಿಚ್ಚುವ ಮಾತೇ ಇಲ್ಲ. ಅದನ್ನು ಸೆರಗಿನ ಒಳಗೆ ಮುಚ್ಚಿ, ಇನ್ನೊಂದು ಅರಿಷಿಣದ ದಾರ ವರನ ಕೈಗೆ ಕೊಟ್ಟೆವು. ಈಗ ನನ್ನ ಸರದಿ. ಲೈಟನ್ನು ಎಡಕ್ಕೆ ಸರಿಸಿದೆ, ಜನರನ್ನು ಹಿಂದೆ ನಿಲ್ಲಿಸಿದೆ, ಮದುಮಗಳಿಗೆ ಹೇಳಿದೆ, "ತಂಗೀ, ತಲಿ ತಗ್ಗಿಸು. ಮ್ಯಾಲ ನೋಡಬ್ಯಾಡ." ಅವಳು ನನ್ನ ಮುಖ ನೋಡಿದಳು. ಏನೋ ಹೇಳುವವಳಂತೆ ತುಟಿ ಅಲುಗಿತು, ಹೇಳಲಿಲ್ಲ. ತಲೆ ತಗ್ಗಿಸಿದಳು.

ವರ ದಾರ ಕಟ್ಟಿದ. ಸನಾದಿಯವರು ಮೊದಲಿಗಿಂತ ಜೋರಾಗಿ ಊದಿದರು. ಅಯ್ಯನವರು ಕೈ ಎತ್ತಿ ಆಶೀರ್ವಾದ ಹೇಳಿದರು, ಅಕ್ಕಿಕಾಳು ಬಿತ್ತು. ಆಮೇಲೆ ಸನಾದಿ ನಿಂತಿತು, ಎಲ್ಲರೂ ಇದ್ದಲ್ಲೇ ನಿಂತರು. ಮೇಲಿನವರಿಗೆ ಇದು ಮುಟ್ಟಲು ಇನ್ನೂ ಅರ್ಧ ನಿಮಿಷ ಬೇಕಲ್ಲ. ವರ ಕೈ ಇಳಿಸಿರಲಿಲ್ಲ. ಅಷ್ಟು ಜನ ಅಷ್ಟು ಸದ್ದಿಲ್ಲದೆ ನಿಂತ ಮದುವೆಯನ್ನು ನಾನು ನೋಡಿಲ್ಲ. ಫೋನ್ ರಿಂಗಾಯಿತು.

"ಕಂಡ್ತು" ಅಂದರು ಸಾವಕಾರರು. ಉಸಿರು ಎಳೆದುಕೊಂಡು ಮತ್ತೆ, "ಛಂದ ಕಂಡ್ತು. ಫೋಟೋದವರಿಗೆ ಹೇಳು."

ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ನನ್ನ ಹೆಂಡತಿ ಲ್ಯಾಪ್‌ಟಾಪಿನ ಹಿಂದೆ ಮುಖ ಮರೆಮಾಡಿದಳು. ನಾನು ಬೀಗಿ ಹೋಗಿದ್ದೆ, ಸುಳ್ಳೇಕೆ ಹೇಳಲಿ. ನಾವು ಇಷ್ಟು ವರ್ಷ ಬೈಸಿಕೊಂಡು ಉಳಿಸಿಕೊಂಡ ಚಾಳಿ ಒಬ್ಬ ಮನುಷ್ಯನ ಕೆಲಸಕ್ಕೆ ಬಂತಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದೆ. ಹೆಂಡತಿ ಹೂಂ ಹೂಂ ಎನ್ನುತ್ತ ನಿದ್ದೆ ಹೋದಳು.

ಸಾವಕಾರರು ಚೇತರಿಸಿಕೊಂಡರು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರ ಜೀವ ಮೇಲೆ ಕೆಳಗೆ ಆಗುವುದು ಬೇಡ. ಮಳೆಗಾಲ ಮುಗಿಯುವ ಹೊತ್ತಿಗೆ ತಾವೇ ಕಾರಿನಲ್ಲಿ ಸ್ಟುಡಿಯೋಕ್ಕೆ ಬಂದರು, ಕೋಲು ಊರಿಕೊಂಡು, ಎರಡು ಮೆಟ್ಟಿಲಿಗೆ ಒಮ್ಮೆ ನಿಂತು. ವಿಡಿಯೋ ತಯಾರಾಗಿತ್ತು. ಕೊಡುವ ಮೊದಲು ಒಮ್ಮೆ ನೋಡುತ್ತೇನೆ ಅಂದರು. ಹೆಂಡತಿ ಚಹಾ ತಂದಳು. ಮೂವರೂ ದೊಡ್ಡ ಪರದೆಯ ಮುಂದೆ ಕೂತೆವು.

ಅರಿಷಿಣ ಹಚ್ಚುವುದು ಬಂತು, ಬೀಗರು ಇಳಿಯುವುದು ಬಂತು. ತಾಳಿ ಕಟ್ಟುವುದು ಬಂತು. ಬೆಳಕು ಹಾಲು ಚೆಲ್ಲಿದಂತೆ, ಮದುಮಗಳ ತಗ್ಗಿದ ಮುಖ, ವರನ ಬೆರಳು, ಒಂದೊಂದಾಗಿ ಬೀಳುವ ಅಕ್ಕಿಕಾಳು. ನಾನು ಅದನ್ನು ನಿಧಾನ ಮಾಡಿ, ಸಂಗೀತ ಕೂಡಿಸಿ ಇಟ್ಟಿದ್ದೆ.

"ನಿಲ್ಲಸ್ರಿ" ಅಂದರು. "ಇದಲ್ಲ."

"ಇದ ರೀ, ಸಾವಕಾರ್ರ. ಅವತ್ತ ನೀವು ನೋಡಿದ್ದು ಇದನ್ನ."

"ನೋಡಿದ್ದು ಇದನ್ನ, ಖರೇ. ಆದ್ರ ಕಟ್ಟಿದ್ದು ಇದಲ್ಲ." ಪರದೆಯ ಹತ್ತಿರ ಕೋಲು ಚಾಚಿ ತೋರಿಸಿದರು. ವರನ ರುಮಾಲಿನ ಮಡಿಕೆಯಲ್ಲಿ ನಾಲ್ಕಾರು ಅಕ್ಕಿಕಾಳು. ಮೇಲಿಂದ ಇನ್ನೂ ಯಾರೂ ಎರಚಿರಲಿಲ್ಲ. ನೆಲ ಗುಡಿಸಿದೆವು, ಮದುಮಗಳ ಹೆರಳು ಆರಿಸಿದೆವು, ವರನ ತಲೆ ಯಾರಿಗೂ ನೆನಪಾಗಿರಲಿಲ್ಲ. ನಾನು ಆ ಚಿತ್ರವನ್ನು ವಾರಗಟ್ಟಲೆ ಮುಂದಿಟ್ಟುಕೊಂಡು ಬಣ್ಣ ತಿದ್ದಿದವನು, ನನಗೂ ಕಂಡಿರಲಿಲ್ಲ.

"ಅವತ್ತ ಗೊತ್ತಾತ್ರಿ ನನಗ" ಅಂದರು. "ಅದಕ್ಕೂ ಮೊದಲ ನಮ್ಮಾಕಿ ಧ್ವನಿಯಾಗ ಗೊತ್ತಾಗಿತ್ತು. ಸುಳ್ಳು ಹೇಳಾಕ ಬರೂದಿಲ್ಲ ಆಕಿಗೆ."

"ಮತ್ತ ಕಂಡ್ತು ಅಂದ್ರಿ?" ನನ್ನ ಹೆಂಡತಿ ಕೇಳಿದಳು.

"ಅಷ್ಟು ಮಂದಿ ನನ್ನ ಸಲುವಾಗಿ ನಿಂತಿದ್ರಲ್ಲವಾ. ಅಯ್ಯನವರ ಸುದ್ದಾ. ಕಂಡಿಲ್ಲ ಅಂತ ಹೆಂಗ ಅನ್ಲಿ?" ಚಹಾದ ಕಪ್ಪನ್ನು ಬದಿಗೆ ಸರಿಸಿದರು. "ಇವತ್ತೂ ಮನ್ಯಾಗ ಹೇಳಿಲ್ಲ. ಆದ್ರ ಮೊದಲಿಂದು ನನಗ ಕಂಡಿಲ್ಲ. ಅದು ಐತೇನ್ರಿ ನಿಮ್ಮ ಕಡೆ?"

ಇತ್ತು. ವಿಡಿಯೋ ಗಿರಾಕಿಯ ಕೈಗೆ ಮುಟ್ಟುವವರೆಗೆ ನಾವು ಏನನ್ನೂ ಅಳಿಸುವುದಿಲ್ಲ. ಆದರೆ ತೋರಿಸಲು ನನಗೆ ಮನಸ್ಸಿರಲಿಲ್ಲ. ಕೆಟ್ಟದ್ದಕ್ಕೆಂದು ಇಟ್ಟ ಫೋಲ್ಡರಿನಲ್ಲಿ ಹಾಕಿದ್ದೆ. ಅರ್ಧ ಕತ್ತಲು, ಅಡ್ಡ ಒಂದು ಭುಜ, ಮದುಮಗಳ ಮುಖವಿಲ್ಲ. "ಅದು ಉಪಯೋಗಿಲ್ರಿ" ಅಂದೆ. "ಆಕಿ ಮ್ಯಾಲ ನೋಡಿಬಿಟ್ಟಾಳ. ಕರೆಂಟ್ ಹೋತಲ್ಲ, ಎಲ್ಲಾರೂ ಫ್ಯಾನ್ ನೋಡಿದ್ರು, ಆಕಿನೂ ನೋಡ್ಯಾಳ."

"ಇರ್ಲಿ, ಹಚ್ರಿ."

ಹಚ್ಚಿದೆ. ಅಯ್ಯನವರು ತಟ್ಟೆ ತಂದರು, ವರ ತಾಳಿ ಎತ್ತಿಕೊಂಡ, ಅವನ ಕೈ ಅವಳ ಕೊರಳ ಹಿಂದೆ ಹೋಯಿತು, ಅವಳು ಮುಖ ಮೇಲೆತ್ತಿದಳು. ಆಮೇಲೆ ಕತ್ತಲು, ಸನಾದಿ, ಅಕ್ಕಿಕಾಳು. ಸಾವಕಾರರು ಮುಂದಕ್ಕೆ ಬಾಗಿ ಕೂತರು.

"ಹಿಂದ ಹಾಕ್ರಿ."

ಹಿಂದೆ ಹಾಕಿ ಈ ಸಲ ನಿಧಾನಕ್ಕೆ ಬಿಟ್ಟೆ. ಮೊದಲು ಗುರುತಿಸಿದವಳು ನನ್ನ ಹೆಂಡತಿ. ನನ್ನ ತೋಳು ಹಿಡಿದು ಅಂದಳು, "ರೀ, ಆಕಿ ಮುಖಾ ಎತ್ತಿದಾಗ ಕರೆಂಟ್ ಇನ್ನೂ ಐತಿ."

ಇತ್ತು. ಲೈಟ್ ಉರಿಯುತ್ತಿತ್ತು. ಸುತ್ತ ನಿಂತವರೆಲ್ಲ ತಾಳಿಯನ್ನೇ ನೋಡುತ್ತಿದ್ದರು, ಒಬ್ಬರ ತಲೆಯೂ ಎದ್ದಿರಲಿಲ್ಲ. ಹಿಂದಿನ ಗೋಡೆಯ ಮೇಲೆ ಫ್ಯಾನಿನ ನೆರಳು ತಿರುಗುತ್ತಿತ್ತು. ಆ ಬೆಳಕಿನಲ್ಲಿ ಅವಳೊಬ್ಬಳೇ ನಿಧಾನವಾಗಿ ಮುಖ ಎತ್ತಿ ತಲೆಯ ಮೇಲಿನ ಮಾಳಿಗೆಯ ಒಂದು ಜಾಗ ನೋಡಿದಳು. ಅವಳ ತುಟಿ ಒಂದು ಸಣ್ಣ ಮಾತು ಆಡಿತು. ಆ ಮಾತು ಮುಗಿದ ಮೇಲೆ ಕರೆಂಟ್ ಹೋಯಿತು.

ಚಿತ್ರವನ್ನು ಅಲ್ಲೇ ನಿಲ್ಲಿಸಿದೆ. ಇಡೀ ಮದುವೆಯಲ್ಲಿ ಇದ್ದದ್ದು ಇದೊಂದು. ನಾನು ಅದನ್ನು ಗದ್ದ ಕಾಣುತ್ತದೆ ಎಂದು ತೆಗೆದು ಬಿಸಾಡಿ, ಮ್ಯಾಲ ನೋಡಬ್ಯಾಡ ಎಂದು ಆ ಹುಡುಗಿಗೇ ಹೇಳಿದ್ದೆ.

ಸಾವಕಾರರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ.

"ನನ್ನ ಖುರ್ಚಿ ಆಕಿನ ಹಾಕಿಕೊಟ್ಟು ಹೋಗಿದ್ಲ್ರಿ, ಮುಂಜಾನೆ" ಅಂದರು. "ಮಾಸ್ಕ್ ಕಟ್ಕೊಂಡು ಬಂದು, ಖೋಲಿ ತುಂಬ ಹೆಜ್ಜಿ ಅಳದಳದು ಒಂದ ಕಡೆ ಹಾಕಿದ್ಲು. ಇಲ್ಲೇ ಕೂಡ್ರಪಾ, ಎಲ್ಲೂ ಏಳಬ್ಯಾಡ, ನಾ ಸರಿಯಾಗಿ ನಿನ್ನ ಕೆಳಗ ಇರ್ತೇನಿ ಅಂದ್ಲು. ಯಾಕ ಅಂತ ನನಗ ತಿಳೀಲಿಲ್ಲ. ಸಿಗ್ನಲ್ ಅಲ್ಲೇ ಛಲೋ ಬರಬಹುದು ಅಂತ ತಿಳಕೊಂಡಿದ್ದೆ."